ಬಕೆಟ್ ದೊಡ್ಡದಾದರೆ ಬಿಯರ್ ಕೆಡುತ್ತದೆಯೇ?

ಪ್ರಶ್ನೆ: ನಾನು ತುಮಕೂರಿನವನು. ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ ಕೆಲಸ. ಇಲ್ಲಿಂದ ಬೇರೆ ಊರಿಗೆ ಹೋದ ಸಹೋದ್ಯೋಗಿಯೊಬ್ಬರು ಮನೆಯಲ್ಲಿ ಬಿಯರ್ ಮಾಡುವ ತಮ್ಮ ಸಾಮಾನನ್ನೆಲ್ಲ ನನಗೆ ಕೊಟ್ಟು ಹೋದರು. ಅದರಲ್ಲಿ ಹುದುಗಿಸುವ ಪಾತ್ರೆ ಅಂತ ಇರುವುದು ಆರೂವರೆ ಗ್ಯಾಲನ್‌ನ ಪ್ಲಾಸ್ಟಿಕ್ ಬಕೆಟ್ ಒಂದೇ. ಮೊದಲ ಸಲ 5 ಗ್ಯಾಲನ್ ಮಾಡಿದೆ. ಸುಮಾರು ಐವತ್ತು ಬಾಟಲಿ ಆಯಿತು. ಮನೆಯಲ್ಲಿ ಕುಡಿಯುವವನು ನಾನೊಬ್ಬ, ಅದೂ ಶನಿವಾರ ಒಂದು. ಬಟ್ಟೆ ಕಪಾಟಿನ ತುಂಬ ಬಾಟಲಿ ಕಂಡು ಹೆಂಡತಿ, "ಮಾಡೋದಾದ್ರೆ ಒಂದೇ ಗ್ಯಾಲನ್ ಮಾಡಿ, ಹೊಸ ಪಾತ್ರೆ ಮಾತ್ರ ತರಬೇಡಿ" ಅಂದಳು. ಹಾಗೇ ಮಾಡಿದೆ. ಈಗ ದೊಡ್ಡ ಬಕೆಟ್ಟಿನ ತಳದಲ್ಲಿ ಒಂದು ಗ್ಯಾಲನ್ ಪೇಲ್ ಏಲ್ ಕೂತಿದೆ. ನಾಲ್ಕು ದಿನವಾಯಿತು, ಏರ್‌ಲಾಕ್‌ನಲ್ಲಿ ಗುಳ್ಳೆಯೇ ಇಲ್ಲ. ದಿನಾ ಮುಚ್ಚಳ ತೆಗೆದು ನೋಡುತ್ತಿದ್ದೇನೆ. ಸಾಮಾನು ಮಾರುವ ಅಂಗಡಿಯವರು, "ಅಷ್ಟು ಜಾಗ ಖಾಲಿ ಬಿಟ್ಟರೆ ಗಾಳಿ ತಗುಲಿ ಕೆಡುತ್ತದೆ, ಒಂದು ಗ್ಯಾಲನ್‌ನ ಗಾಜಿನ ಜಗ್ ತೆಗೆದುಕೊಳ್ಳಿ" ಎನ್ನುತ್ತಾರೆ. ನಮ್ಮ ಜೊತೆಗಿರುವ ಅತ್ತೆಯವರು, "ಹುಳಿ ಬರೋ ಪದಾರ್ಥಕ್ಕೆ ಪಾತ್ರೆ ದೊಡ್ಡದೇ ಇರಬೇಕು, ದೋಸೆ ಹಿಟ್ಟು ನೋಡಿಲ್ವಾ" ಎನ್ನುತ್ತಾರೆ. ಯಾರ ಮಾತು ಕೇಳಲಿ? ಈ ಬಿಯರ್ ಚೆಲ್ಲಿಬಿಡಲೇ? ಇನ್ನೊಂದು ಮಾತು: ಮುಂದಿನ ವರ್ಷ ಬೆಂಗಳೂರಿಗೆ ವಾಪಸಾಗುವ ಯೋಚನೆ ಇದೆ. ಬಕೆಟ್ ಜೊತೆಗೆ ತರಬಹುದೇ?
ಹೆಸರು ಬೇಡ, ಹಿಲ್ಸ್‌ಬರೋ

ಉತ್ತರ: ಮೊದಲಿಗೆ, ಚೆಲ್ಲಬೇಡಿ. ನಿಮ್ಮ ಬಿಯರ್ ಬಹುಶಃ ಚೆನ್ನಾಗಿಯೇ ಇದೆ. ಬಕೆಟ್ ದೊಡ್ಡದು ಎಂಬ ಒಂದೇ ಕಾರಣಕ್ಕೆ ಅದು ಕೆಡುವುದಿಲ್ಲ. ಕೆಡುವುದಾದರೆ ನೀವು ದಿನಾ ಮುಚ್ಚಳ ತೆಗೆಯುವುದರಿಂದ ಕೆಡುತ್ತದೆ. ಇವತ್ತಿನಿಂದ ಅದನ್ನು ಮುಟ್ಟಬೇಡಿ. ಏಕೆಂದು ಲೆಕ್ಕ ಹಾಕಿಯೇ ಹೇಳುತ್ತೇನೆ.

ನಿಮ್ಮದು ಸಾಮಾನ್ಯ ಪೇಲ್ ಏಲ್ ಎಂದಿಟ್ಟುಕೊಳ್ಳೋಣ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಶುರುವಿಗೆ 1.050, ಕೊನೆಗೆ 1.010. ಒಂದು ಗ್ಯಾಲನ್ ಎಂದರೆ 3.8 ಲೀಟರ್. ಅಷ್ಟರಲ್ಲಿ ಯೀಸ್ಟ್ ಹೆಚ್ಚುಕಡಿಮೆ 300 ಗ್ರಾಂ ಸಕ್ಕರೆಯನ್ನು ತಿನ್ನುತ್ತದೆ. ತಿಂದ ಸಕ್ಕರೆಯ ತೂಕದಲ್ಲಿ ಅರ್ಧದಷ್ಟು ಆಲ್ಕೋಹಾಲ್ ಆಗುತ್ತದೆ, ಉಳಿದರ್ಧ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಸುಮಾರು 150 ಗ್ರಾಂ ಅನಿಲ ಎಂದರೆ ಮನೆಯ ಬಿಸಿಯಲ್ಲಿ 80 ಲೀಟರ್ ಆಯಿತು. ನಿಮ್ಮ ಬಕೆಟ್ಟಿನಲ್ಲಿ ಬಿಯರ್ ಮೇಲಿರುವ ಖಾಲಿ ಜಾಗ ಸುಮಾರು 21 ಲೀಟರ್. ಅಂದರೆ ಆ ಜಾಗವನ್ನು ಮೂರು ನಾಲ್ಕು ಸಲ ತುಂಬಿ ಹೊರಗೆ ಚೆಲ್ಲುವಷ್ಟು ಅನಿಲವನ್ನು ನಿಮ್ಮ ಒಂದು ಗ್ಯಾಲನ್ ಬಿಯರೇ ಹುಟ್ಟಿಸುತ್ತದೆ. ಮುಚ್ಚಳ ಮುಚ್ಚಿಯೇ ಇದ್ದರೆ ಹುದುಗು ಮುಗಿಯುವ ಹೊತ್ತಿಗೆ ಮೊದಲಿದ್ದ ಗಾಳಿಯಲ್ಲಿ ಉಳಿಯುವುದು ನೂರಕ್ಕೆ ಎರಡು ಮೂರು ಪಾಲು ಅಷ್ಟೇ. ಆಮ್ಲಜನಕ ಅದರಲ್ಲೂ ಐದನೇ ಒಂದು ಭಾಗ. ಶುರುವಿನಲ್ಲಿ ಇದ್ದ ಗಾಳಿಯ ಬಗ್ಗೆಯೂ ಹೆದರಬೇಕಿಲ್ಲ. ಯೀಸ್ಟ್ ತನ್ನ ಸಂತಾನ ಬೆಳೆಸಿಕೊಳ್ಳಲು ಮೊದಲ ದಿನ ಆಮ್ಲಜನಕವನ್ನು ಬಯಸುತ್ತದೆ. ವೋರ್ಟ್ (ಕುದಿಸಿದ ಮಾಲ್ಟ್ ರಸ) ತಣ್ಣಗಾದ ಮೇಲೆ ಅದನ್ನು ಚೆನ್ನಾಗಿ ಕುಲುಕಿ ಎಂದು ಪುಸ್ತಕಗಳು ಹೇಳುವುದು ಅದಕ್ಕೇ.

ಈಗ ಮುಚ್ಚಳದ ವಿಷಯ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಆದ್ದರಿಂದ ಅದು ಬಿಯರ್ ಮೇಲೆ ಹೊದಿಕೆಯಂತೆ ಮಲಗಿರುತ್ತದೆ, ಮುಚ್ಚಳ ತೆಗೆದರೂ ಏನಾಗದು ಎಂದು ಹಲವರು ಧೈರ್ಯ ಹೇಳುತ್ತಾರೆ. ಈ ಧೈರ್ಯ ನಂಬಬೇಡಿ. ಅನಿಲಗಳು ಪದರ ಪದರವಾಗಿ ಕೂರುವುದಿಲ್ಲ, ಬೆರೆತುಹೋಗುತ್ತವೆ. ಮುಚ್ಚಳ ಎತ್ತಿದಾಗ, ನೀವು ಬಗ್ಗಿ ನೋಡಿದಾಗ, ಚಮಚ ಆಡಿಸಿದಾಗ ಹೊರಗಿನ ಗಾಳಿ ಒಳಗೆ ಬರುತ್ತದೆ. ಯೀಸ್ಟ್ ರಭಸದಿಂದ ಕೆಲಸ ಮಾಡುವ ಮೊದಲ ಮೂರು ನಾಲ್ಕು ದಿನ ಅದು ದೊಡ್ಡ ವಿಷಯವಲ್ಲ. ಹೊಸ ಅನಿಲ ಹುಟ್ಟುತ್ತಲೇ ಇರುವುದರಿಂದ ಬಂದ ಗಾಳಿ ಮತ್ತೆ ಹೊರಗೆ ಹೋಗುತ್ತದೆ. ಹುದುಗು ಇಳಿದ ಮೇಲೆ ಆ ಗಾಳಿಯನ್ನು ತಳ್ಳುವವರು ಯಾರೂ ಇಲ್ಲ. ಚಿಕ್ಕ ಪಾತ್ರೆಯಾದರೆ ಒಳಗೆ ಸೇರುವ ಗಾಳಿಯೂ ಚಿಕ್ಕದು. ನಿಮ್ಮದರಲ್ಲಿ 21 ಲೀಟರಿನಷ್ಟು ಜಾಗ ಗಾಳಿಗೆ ಬಾಗಿಲು ತೆರೆದು ಕೂತಿದೆ. ದೊಡ್ಡ ಪಾತ್ರೆಯ ದೋಷವೆಲ್ಲ ಇರುವುದು ಇಲ್ಲಿಯೇ: ಯೀಸ್ಟ್ ದುಡಿಯುವಾಗ ಅದು ಏನೂ ತೊಂದರೆ ಕೊಡುವುದಿಲ್ಲ, ಯೀಸ್ಟ್ ಮಲಗಿದ ಮೇಲೆ ಕೊಡುತ್ತದೆ. ಅಂಗಡಿಯವರ ಮಾತಿನಲ್ಲಿ ಹುರುಳಿದೆ, ಆದರೆ ಅವರು ಹೇಳದೆ ಬಿಟ್ಟದ್ದು ಈ ಕಾಲದ ಲೆಕ್ಕವನ್ನು.

ಅಗಲ ಪಾತ್ರೆಯಲ್ಲಿ ಹುದುಗಿಸುವುದು ಪಾಪವಾಗಿದ್ದರೆ ಎಷ್ಟೋ ಹೆಸರಾಂತ ಬಿಯರ್‌ಗಳು ಹುಟ್ಟುತ್ತಲೇ ಇರಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಟ್ಯಾಡ್‌ಕಾಸ್ಟರ್ ಊರಿನಲ್ಲಿ ಸ್ಯಾಮ್ಯುಯಲ್ ಸ್ಮಿತ್ ಕಂಪನಿ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಚೌಕ ತೊಟ್ಟಿಗಳಲ್ಲಿ ಹುದುಗಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ 2023ರಲ್ಲಿ ಬಾಗಿಲು ಹಾಕುವವರೆಗೂ ತನ್ನ ಸ್ಟೀಮ್ ಬಿಯರನ್ನು ಆಳವಿಲ್ಲದ, ಅಗಲವಾದ, ತೆರೆದ ತೊಟ್ಟಿಗಳಲ್ಲೇ ಹುದುಗಿಸುತ್ತಿತ್ತು. ಆದರೆ ಅವರು ಯಾರೂ ಬಿಯರನ್ನು ಅಲ್ಲೇ ವಾರಗಟ್ಟಲೆ ಬಿಡುವುದಿಲ್ಲ. ನೊರೆ ಇದ್ದಷ್ಟು ದಿನ ಅಲ್ಲಿ, ಆಮೇಲೆ ಮುಚ್ಚಿದ ಟ್ಯಾಂಕಿಗೆ. ನಿಮ್ಮ ಮನೆಯಲ್ಲಿ ಆ ಮುಚ್ಚಿದ ಟ್ಯಾಂಕಿನ ಕೆಲಸ ಮಾಡುವುದು ಬಾಟಲಿ. ಹುದುಗು ಮುಗಿದದ್ದು ಖಚಿತವಾದ ಕೂಡಲೇ ಬಾಟಲಿಗೆ ತುಂಬಿ. ಇನ್ನೆರಡು ವಾರ ಹಾಗೇ ಇಟ್ಟರೆ ತಿಳಿಯಾಗುತ್ತದೆ ಎಂದು ದೊಡ್ಡ ಬಕೆಟ್ಟಿನಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಗೋಡೆಯ ಮೂಲಕವೂ ಮುಚ್ಚಳದ ಅಂಚಿನಿಂದಲೂ ಆಮ್ಲಜನಕ ನಿಧಾನವಾಗಿ ಒಳಗೆ ಬರುತ್ತದೆ. ಬಣ್ಣ ಕಂದಾಗುತ್ತದೆ, ಹಾಪ್ಸ್ ಹೂವಿನ ಪರಿಮಳ ಇಳಿಯುತ್ತದೆ, ನೆನೆದ ರಟ್ಟಿನ ರುಚಿ ಬರುತ್ತದೆ. ಇನ್ನೂ ತಡವಾದರೆ ಗಾಳಿ ಇದ್ದಲ್ಲಿ ಬೆಳೆಯುವ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸೇರಿ ಅದನ್ನು ವಿನೆಗರ್ ಮಾಡಿಬಿಡುತ್ತದೆ.

ಏರ್‌ಲಾಕ್ ಮೌನವಾಗಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಕೆಟ್ ಮುಚ್ಚಳಗಳ ಅಂಚು ಪೂರ್ತಿ ಬಿಗಿಯಾಗಿ ಕೂರುವುದು ಅಪರೂಪ. ಅದರಲ್ಲೂ ನಾಲ್ಕೈದು ಸಲ ತೆಗೆದು ಹಾಕಿದ ಮುಚ್ಚಳ. ಅನಿಲ ಅಂಚಿನಿಂದಲೇ ನುಣುಚಿಕೊಂಡು ಹೋಗುತ್ತದೆ, ಏರ್‌ಲಾಕ್‌ನ ನೀರನ್ನು ಎತ್ತುವಷ್ಟು ಒತ್ತಡ ಬರುವುದೇ ಇಲ್ಲ. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ಬೆಳಗ್ಗೆ ಮನೆ ಬಿಸಿಯಾದಾಗ 21 ಲೀಟರ್ ಅನಿಲ ಹಿಗ್ಗಿ ಗುಳ್ಳೆ ಬರುತ್ತದೆ, ಹುದುಗು ಮುಗಿದು ಎಷ್ಟು ದಿನವಾಗಿದ್ದರೂ. ಖಾಲಿ ಜಾಗ ಹೆಚ್ಚಿದ್ದಷ್ಟೂ ಗುಳ್ಳೆಯ ಮಾತು ಸುಳ್ಳಾಗುವುದು ಹೆಚ್ಚು. ಮುಚ್ಚಳ ತೆಗೆದಾಗ ಬಕೆಟ್ಟಿನ ಗೋಡೆಗೆ ಬಿಯರ್ ಮಟ್ಟಕ್ಕಿಂತ ಮೇಲೆ ಕಂದು ನೊರೆಯ ಕರೆ ಅಂಟಿತ್ತೇ, ನೆನಪು ಮಾಡಿಕೊಳ್ಳಿ. ಇದ್ದರೆ ಹುದುಗು ನಡೆದಿದೆ. ಕೊನೆಯ ಮಾತು ಹೈಡ್ರೋಮೀಟರಿನದು.

ಅತ್ತೆಯವರ ಮಾತಿಗೆ ಬರೋಣ. ಅವರು ಅರ್ಧ ಸರಿ. ಹಿಟ್ಟು ಉಕ್ಕುವಂತೆ ಯೀಸ್ಟ್ ಕೂಡ ಎರಡನೆಯ ದಿನ ದಪ್ಪ ನೊರೆಯನ್ನು ಎಬ್ಬಿಸುತ್ತದೆ, ಅದಕ್ಕೆ ಮೇಲೆ ಕಾಲು ಭಾಗದಷ್ಟಾದರೂ ಜಾಗ ಬೇಕು. ಅಂಗಡಿಯವರು ಹೇಳಿದ ಒಂದು ಗ್ಯಾಲನ್ ಜಗ್‌ನಲ್ಲಿ ಒಂದು ಗ್ಯಾಲನ್ ತುಂಬಿದರೆ ಆ ಜಾಗವೇ ಇರುವುದಿಲ್ಲ. ನೊರೆ ಏರ್‌ಲಾಕ್‌ಗೆ ಹತ್ತಿ, ತೂತು ಕಟ್ಟಿ, ಬಿರಡೆ ಹಾರಿ ಗೋಡೆಗೆಲ್ಲ ಅಂಟಿದ ಕಥೆಗಳು ಬೇಕಾದಷ್ಟಿವೆ. ಅಂಥ ಜಗ್ ಇಟ್ಟವರು ಮೊದಲ ಮೂರು ದಿನ ಏರ್‌ಲಾಕ್ ಬದಲು ದಪ್ಪ ಕೊಳವೆಯೊಂದನ್ನು ನೀರಿನ ಪಾತ್ರೆಗೆ ಬಿಟ್ಟಿರುತ್ತಾರೆ. ಆದರೆ ದೋಸೆ ಹಿಟ್ಟನ್ನು ಮರುದಿನವೇ ಹೊಯ್ದು ಮುಗಿಸುತ್ತೇವೆ, ಬಿಯರ್ ಎರಡು ವಾರ ಕೂರಬೇಕು. ಕಾಲು ಭಾಗ ಬೇಕಿರುವ ಕಡೆ ಐದು ಪಟ್ಟು ಜಾಗ ಬೇಕಿಲ್ಲ.

ಗಾಳಿಯ ವಿಷಯ ಹೀಗೆ ಬಗೆಹರಿಯಿತು. ದೊಡ್ಡ ಬಕೆಟ್ಟಿನಲ್ಲಿ ಯಾರೂ ಎಚ್ಚರಿಸದ ಬೇರೆ ತಾಪತ್ರಯಗಳಿವೆ. ನಿಮ್ಮ ಬಕೆಟ್ಟಿನ ಅಡ್ಡಳತೆ ಸುಮಾರು 30 ಸೆಂಟಿಮೀಟರ್. ಅದರಲ್ಲಿ 3.8 ಲೀಟರ್ ಬಿಯರ್ ನಿಲ್ಲುವುದು ಐದೂವರೆ ಸೆಂಟಿಮೀಟರ್ ಎತ್ತರಕ್ಕೆ ಮಾತ್ರ. ತಳದಲ್ಲಿ ಯೀಸ್ಟ್ ಮತ್ತು ಹಾಪ್ಸ್‌ನ ಮಡ್ಡಿ ಒಂದು ಸೆಂಟಿಮೀಟರ್ ಕೂತರೂ ಐದನೇ ಒಂದು ಪಾಲು ಹೋಯಿತು. ಬಕೆಟ್ಟಿಗೆ ನಲ್ಲಿ ಇದ್ದರೆ ಅದು ತಳದಿಂದ ಎರಡು ಮೂರು ಸೆಂಟಿಮೀಟರ್ ಮೇಲಿರುತ್ತದೆ, ಅದರ ಕೆಳಗಿನ ಬಿಯರ್ ನಿಮ್ಮದಲ್ಲ. ಆದ್ದರಿಂದ ತುಂಬುವ ಹಿಂದಿನ ರಾತ್ರಿಯೇ ಬಕೆಟ್ಟನ್ನು ಮೇಜಿನ ಮೇಲಿಟ್ಟು, ಒಂದು ಬದಿಗೆ ಪುಸ್ತಕ ಕೊಟ್ಟು ವಾಲಿಸಿಡಿ. ಬೆಳಗ್ಗೆ ತಗ್ಗಾದ ಬದಿಯಲ್ಲಿ ಸೈಫನ್‌ಗೆ ಆಳ ಸಿಗುತ್ತದೆ. ಸೈಫನ್ ತುದಿ ಬಿಯರ್ ಒಳಗೇ ಮುಳುಗಿರಲಿ. ಗೊರಗೊರ ಎಂದು ಗಾಳಿ ಎಳೆಯಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಉಳಿದ ಅರ್ಧ ಲೋಟದ ಆಸೆ ಬಿಡಿ.

ಬಿಸಿ ತಂಪಿನ ವಿಷಯದಲ್ಲೂ ಹಾಗೆಯೇ. 19 ಲೀಟರ್ ಬಿಯರ್ ಮನೆಯ ಏರಿಳಿತವನ್ನು ತಡೆದುಕೊಳ್ಳುತ್ತದೆ. ಐದು ಸೆಂಟಿಮೀಟರಿನ ತೆಳು ಪದರ ರಾತ್ರಿ ಹೀಟರ್ ಆರಿಸಿದ ಕೂಡಲೇ ತಣ್ಣಗಾಗುತ್ತದೆ. ಏಲ್ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಸಾಕು, ಆದರೆ ಅದು ಹಗಲೂ ರಾತ್ರಿಯೂ ಒಂದೇ ಸಮ ಇರಬೇಕು. ಬಕೆಟ್ಟಿನ ಹೊರಗೆ ಅಂಟಿಸಿದ ಉಷ್ಣತೆಯ ಪಟ್ಟಿ ಬಿಯರ್ ಮಟ್ಟಕ್ಕಿಂತ ಮೇಲಿದ್ದರೆ ಅದು ತೋರಿಸುವುದು ಒಳಗಿನ ಅನಿಲದ ಬಿಸಿಯನ್ನು. ಅದನ್ನು ಕೆಳಗೆ ಅಂಟಿಸಿ. ನೀರಿನ ಟಬ್ಬಿನಲ್ಲಿ ಇಡುವುದು ಒಳ್ಳೆಯ ಉಪಾಯ, ಆದರೆ ಐದು ಸೆಂಟಿಮೀಟರ್ ಬಿಯರಿಗೆ ಐದೇ ಸೆಂಟಿಮೀಟರ್ ನೀರು ಹಾಕಿ. ಹೆಚ್ಚಿಗೆ ಹಾಕಿದರೆ ಹಗುರ ಬಕೆಟ್ ತೇಲಿ ಮಗುಚಿಕೊಳ್ಳುತ್ತದೆ. ತಿಳಿಯಾಗಲಿ ಎಂದು ಬಕೆಟ್ಟನ್ನೇ ಫ್ರಿಜ್ಜಿಗೆ ಅಥವಾ ಚಳಿಗೆ ಹೊರಗೆ ಇಡಬೇಡಿ. 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿದರೆ ಒಳಗಿನ ಅನಿಲ ಕುಗ್ಗಿ ಒಂದು ಲೀಟರಿಗೂ ಹೆಚ್ಚು ಹೊರಗಾಳಿಯನ್ನು ಏರ್‌ಲಾಕ್ ಮೂಲಕ ಒಳಗೆಳೆಯುತ್ತದೆ. ತಂಪು ಮಾಡುವುದನ್ನು ಬಾಟಲಿಯಲ್ಲೇ ಮಾಡಿ.

ತೊಳೆಯುವಾಗ ಬಿಯರ್ ತಾಗುವ ತಳವನ್ನಷ್ಟೇ ಶುದ್ಧ ಮಾಡಿದರೆ ಸಾಲದು. ಮೇಲಿನ ಗೋಡೆಗೂ ಮುಚ್ಚಳಕ್ಕೂ ಆವಿ ಕಟ್ಟಿ ಹನಿ ಹನಿಯಾಗಿ ಕೆಳಗೆ ಬೀಳುತ್ತದೆ. ಇಡೀ ಬಕೆಟ್ಟಿಗೆ ಸ್ಯಾನಿಟೈಸರ್ ತಾಗಬೇಕು. ಇನ್ನೊಬ್ಬರು ಬಳಸಿದ ಬಕೆಟ್ ಎಂದಿದ್ದೀರಿ. ಬೆಳಕಿಗೆ ಹಿಡಿದು ಒಳಗೆ ಗೀರುಗಳಿವೆಯೇ ನೋಡಿ. ಗೀರಿನಲ್ಲಿ ಅಡಗಿದ ಕ್ರಿಮಿಗೆ ಸ್ಯಾನಿಟೈಸರ್ ಸರಿಯಾಗಿ ತಲುಪುವುದಿಲ್ಲ. ಗೀರು ಹೆಚ್ಚಿದ್ದರೆ ಆ ಬಕೆಟ್ಟಿಗೆ ಧಾನ್ಯ ತುಂಬಿಡುವ ಕೆಲಸ ಕೊಡಿ.

ಪಾತ್ರೆಗಿಂತ ಹೆಚ್ಚು ಜನ ಎಡವುವುದು ಅಳತೆ ಇಳಿಸುವಾಗ. ಮೂರು ಕಡೆ ಜಾಗ್ರತೆ ಇರಲಿ.

ಒಂದು, ಕುದಿಸುವುದು. ಎಷ್ಟು ಆವಿಯಾಗುತ್ತದೆ ಎಂಬುದು ಪಾತ್ರೆಯ ಬಾಯಿಯ ಅಗಲವನ್ನೂ ಉರಿಯನ್ನೂ ಅವಲಂಬಿಸಿದೆ, ಒಳಗಿರುವ ವೋರ್ಟ್ ಎಷ್ಟೆಂಬುದನ್ನಲ್ಲ. ಗಂಟೆಗೆ 3 ಲೀಟರ್ ಆವಿಯಾಗುವ ದೊಡ್ಡ ಪಾತ್ರೆಯಲ್ಲಿ 25 ಲೀಟರ್ ಕುದಿಸಿದರೆ ಹೋಗುವುದು ಎಂಟನೇ ಒಂದು ಪಾಲು, 6 ಲೀಟರ್ ಕುದಿಸಿದರೆ ಅರ್ಧಕ್ಕೆ ಅರ್ಧ. ಮನೆಯಲ್ಲಿರುವ ಕಿರಿದಾದ ಪಾತ್ರೆ ಬಳಸಿ, ಉರಿ ತಗ್ಗಿಸಿ, ಕೊನೆಯಲ್ಲಿ ಕಡಿಮೆಯಾದಷ್ಟು ಕುದಿಸಿ ಆರಿಸಿದ ನೀರು ಸೇರಿಸಿ.

ಎರಡು, ಯೀಸ್ಟ್. 11 ಗ್ರಾಂನ ಒಣ ಯೀಸ್ಟ್ ಪೊಟ್ಟಣ 5 ಗ್ಯಾಲನ್‌ಗೆ ಅಳೆದದ್ದು. ನಿಮಗೆ 3 ಗ್ರಾಂ ಸಾಕು. ಪೂರ್ತಿ ಸುರಿದರೂ ಬಿಯರ್ ಹಾಳಾಗದು, ಆದರೆ ಏಲ್‌ನ ಹಣ್ಣಿನ ಪರಿಮಳ ತುಸು ಸಪ್ಪೆಯಾಗಬಹುದು. ಉಳಿದದ್ದನ್ನು ಗಾಳಿಯಾಡದಂತೆ ಮಡಿಚಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ.

ಮೂರನೆಯದು ಅಪಾಯದ್ದು: ಬಾಟಲಿಗೆ ಹಾಕುವ ಸಕ್ಕರೆ. ಕಿಟ್ ಜೊತೆ ಬರುವ ಸಕ್ಕರೆಯ ಪೊಟ್ಟಣ 5 ಗ್ಯಾಲನ್‌ನ ಲೆಕ್ಕದ್ದು. ಅದನ್ನು ಒಂದು ಗ್ಯಾಲನ್‌ಗೆ ಸುರಿದರೆ ಬಾಟಲಿಗಳು ಸಿಡಿಯುತ್ತವೆ, ಗಾಜಿನ ಚೂರು ಕಣ್ಣಿಗೂ ಹಾರಬಹುದು. ಮಗು ಮುದುಕರು ಓಡಾಡುವ ಮನೆಯಲ್ಲಿ ಇದು ಆಟವಲ್ಲ. ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು, ಅಂದರೆ 355 ಮಿಲಿಲೀಟರಿನ ಒಂದು ಬಾಟಲಿಗೆ 2 ಗ್ರಾಂ. ಚಿನ್ನದ ಅಂಗಡಿಯಲ್ಲಿರುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಒಂದೊಂದು ಬಾಟಲಿಗೂ ನೇರವಾಗಿ ಹಾಕಿ. ಹುದುಗು ಮುಗಿದಿದೆ ಎಂದು ಹೈಡ್ರೋಮೀಟರ್ ಹೇಳುವ ಮುಂಚೆ ಮಾತ್ರ ಯಾವ ಬಾಟಲಿಗೂ ಬಿರಡೆ ಒತ್ತಬೇಡಿ.

ಈಗ ಬಕೆಟ್ಟಿನಲ್ಲಿರುವ ಬಿಯರಿಗೆ ಏನು ಮಾಡಬೇಕೆಂದರೆ, ಹತ್ತನೆಯ ದಿನದವರೆಗೆ ಏನೂ ಮಾಡಬಾರದು. ಹತ್ತನೆಯ ದಿನ ಒಮ್ಮೆ ತೆಗೆದು ಹೈಡ್ರೋಮೀಟರ್‌ಗೆ ಬೇಕಾದಷ್ಟು ತೆಗೆದುಕೊಳ್ಳಿ. ಅಳತೆ ನೋಡಿದ ಬಿಯರನ್ನು ವಾಪಸ್ ಸುರಿಯದೆ ಕುಡಿದು ನೋಡಿ, ರುಚಿಯೂ ಗೊತ್ತಾಗುತ್ತದೆ. ಮೂರು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಎರಡೂ ಸಲ ಒಂದೇ ಅಂಕಿ ಬಂದರೆ ಅದೇ ದಿನ ಬಾಟಲಿಗೆ ತುಂಬಿ. ಹುಳಿ ಅಥವಾ ವಿನೆಗರ್ ವಾಸನೆ ಬಂದರೆ ಮಾತ್ರ ಚೆಲ್ಲುವ ಯೋಚನೆ. ಮೇಲೆ ಸುಕ್ಕುಗಟ್ಟಿದ ಬಿಳಿ ಪೊರೆ ಕಂಡರೂ ಹಾಗೇ.

ಮುಂದಿನ ಸಲಕ್ಕೆ ಎರಡು ದಾರಿಗಳಿವೆ. ಹೊಸ ಪಾತ್ರೆ ತರದೆ ಹೆಂಡತಿಯವರ ಮಾತು ಉಳಿಸಬೇಕೆಂದರೆ ಇದೇ ಬಕೆಟ್ಟಿನಲ್ಲಿ ಎರಡೂವರೆ ಗ್ಯಾಲನ್ ಮಾಡಿ. ಸುಮಾರು 25 ಬಾಟಲಿ ಆಗುತ್ತದೆ, ಬಿಯರಿನ ಆಳ 13 ಸೆಂಟಿಮೀಟರ್ ದಾಟುತ್ತದೆ, ಮೇಲೆ ಹೇಳಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಇಳಿಯುತ್ತವೆ. ಶನಿವಾರಕ್ಕೆ ಒಂದರಂತೆ ಕುಡಿದರೆ ಅರ್ಧ ವರ್ಷ ಬರುತ್ತದೆ. ಒಂದೇ ಗ್ಯಾಲನ್ ಸಾಕೆಂದರೆ 2 ಗ್ಯಾಲನ್‌ನ ಆಹಾರ ದರ್ಜೆಯ ಚಿಕ್ಕ ಬಕೆಟ್ ಒಂದನ್ನು ತನ್ನಿ. ಗಾಜಿನ ಜಗ್‌ಗಿಂತ ಅದೇ ಮೇಲು: ನೊರೆಗೆ ಜಾಗವಿದೆ, ಬಿದ್ದರೆ ಒಡೆಯುವುದಿಲ್ಲ, ದೊಡ್ಡ ಬಕೆಟ್ಟಿನ ಒಳಗೇ ಕೂರುತ್ತದೆ. ಕಪಾಟಿನ ಜಾಗ ಒಂದಿಂಚೂ ಹೆಚ್ಚು ಹಿಡಿಯದು ಎಂದು ತೋರಿಸಿಕೊಟ್ಟರೆ ಮನೆಯವರೂ ಒಪ್ಪಬಹುದು. ಅವರ ತಕರಾರು ಇರುವುದು ಜಾಗದ ಮೇಲೆ. ಐವತ್ತು ಬಾಟಲಿ ಕಂಡು ಅವರು ಹಾಗೆ ಹೇಳಿದ್ದು ನ್ಯಾಯವೇ. ಕಡಿಮೆ ಮಾಡಿ ಹೆಚ್ಚು ಸಲ ಮಾಡುವವನಿಗೆ ಕೈ ಬೇಗ ಪಳಗುತ್ತದೆ, ಮಾಡಿದ್ದನ್ನೆಲ್ಲ ಕುಡಿದು ಮುಗಿಸಬೇಕೆಂಬ ಒತ್ತಡವೂ ಇರುವುದಿಲ್ಲ.

ದೊಡ್ಡ ಬಕೆಟ್ಟಿನಲ್ಲೇ ಸ್ವಲ್ಪ ಮಾಡುವುದಾದರೆ ಬೇಗ ಮುಗಿಯುವ ಬಗೆಗಳನ್ನು ಆರಿಸಿ. ಗೋಧಿ ಬಿಯರ್, ಇಂಗ್ಲಿಷ್ ಮೈಲ್ಡ್ ಮತ್ತು ಬಿಟರ್, ಸಾಧಾರಣ ಸ್ಟೌಟ್ ಇವೆಲ್ಲ ಎರಡು ವಾರದಲ್ಲಿ ಬಾಟಲಿ ಸೇರುತ್ತವೆ. ತಿಂಗಳುಗಟ್ಟಲೆ ಮಾಗಬೇಕಾದ ಗಟ್ಟಿ ಏಲ್‌ಗಳೂ ಹುಳಿ ಬಿಯರ್‌ಗಳೂ ಬೇಡ. ಹಾಪ್ಸ್ ತುಂಬಿದ ಐಪಿಎ ಬಿಯರ್ ಆಮ್ಲಜನಕಕ್ಕೆ ಎಲ್ಲಕ್ಕಿಂತ ಬೇಗ ಸೋಲುತ್ತದೆ. ನೀವಿರುವುದು ಹಾಪ್ಸ್ ಬೆಳೆಯುವ ವಿಲಾಮೆಟ್ ಕಣಿವೆಯಲ್ಲಿ, ಕ್ಯಾಸ್ಕೇಡ್ ಹಾಪ್ಸ್ ತಳಿ ರೂಪುಗೊಂಡ ಆರೆಗಾನ್‌ನಲ್ಲಿ. ಆಸೆ ಆಗುವುದು ಸಹಜ. ಆಗ ಹಾಪ್ಸನ್ನು ಹುದುಗು ಮುಗಿದ ಮೇಲೆ ಹಾಕದೆ, ಮೂರನೆಯ ದಿನ ಯೀಸ್ಟ್ ಇನ್ನೂ ದುಡಿಯುತ್ತಿರುವಾಗಲೇ ಹಾಕಿ ಮುಚ್ಚಿಬಿಡಿ. ಒಳಗೆ ನುಗ್ಗಿದ ಗಾಳಿಯನ್ನು ಯೀಸ್ಟೇ ಹೊರಗಟ್ಟುತ್ತದೆ.

ಕೊನೆಗೆ ಬೆಂಗಳೂರಿನ ಮಾತು. ನೀವು ಈಗ ಮಾಡುತ್ತಿರುವುದಕ್ಕೆ ಅಮೆರಿಕದ ಕಾನೂನಿನ ರಕ್ಷಣೆ ಇದೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಂತೆ ವಯಸ್ಕರೊಬ್ಬರು ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯವರು 200 ಗ್ಯಾಲನ್ ಬಿಯರನ್ನು ಸ್ವಂತಕ್ಕೆ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಅಲಬಾಮಾ, ಮಿಸಿಸಿಪಿ ರಾಜ್ಯಗಳು ಇದಕ್ಕೆ ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ ಈ ಸವಲತ್ತು ಇಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಒಂದು ಗ್ಯಾಲನ್ನಾದರೂ ಅಷ್ಟೆ, ಐದಾದರೂ ಅಷ್ಟೆ. ಖಾಲಿ ಬಕೆಟ್ ತರುವುದಕ್ಕೆ ಅಡ್ಡಿಯಿಲ್ಲ, ಆದರೆ ಇಲ್ಲಿ ಅದಕ್ಕೆ ಬೇರೆ ಕೆಲಸ ಹುಡುಕಬೇಕಾಗುತ್ತದೆ. ಬಿಯರ್ ಮಾಡುವ ಆಸೆಯನ್ನು ಹಿಲ್ಸ್‌ಬರೋದಲ್ಲೇ ತೀರಿಸಿಕೊಂಡು, ಸಾಮಾನನ್ನು ಅಲ್ಲಿನ ಇನ್ನೊಬ್ಬ ಹೊಸಬರಿಗೆ ಕೊಟ್ಟು ಬನ್ನಿ. ಕೊಡುವಾಗ ಒಂದು ಮಾತು ಹೇಳಲು ಮರೆಯಬೇಡಿ: ಪಾತ್ರೆ ಯಾವ ಅಳತೆಯದಾದರೂ ಸರಿ, ಹತ್ತು ದಿನ ಕಾರಣವಿಲ್ಲದೆ ಮುಚ್ಚಳ ಮುಟ್ಟಬಾರದು.